ಎಡಕ್ಕೆ ಹೆಚ್ಚು ತಿರುಗುತ್ತಿದ್ದ ಮಿಡ್‌ಫೀಲ್ಡರ್

ಕಳೆದ ವಾರ ನನ್ನ ಹೆಂಡತಿಗೆ ಭುಜ ಹಿಡಿದುಕೊಂಡಿತು. ಔಷಧಿ ಅಂಗಡಿಯಿಂದ ನೋವಿಗೆ ಅಂಟಿಸುವ ಪಟ್ಟಿಗಳ ಪೊಟ್ಟಣವೊಂದನ್ನು ತಂದೆ. ಪಟ್ಟಿಯ ಹಿಂದಿನ ತೆಳು ಪ್ಲಾಸ್ಟಿಕ್ಕು ಸುಲಿದ ಕೂಡಲೇ ಕರ್ಪೂರ, ಪುದೀನ, ಮತ್ತೆ ನನಗೆ ಹೆಸರು ಗೊತ್ತಿಲ್ಲದ ಇನ್ನೊಂದು ಖಾರ ವಾಸನೆ ಒಟ್ಟಿಗೆ ಮೂಗಿಗೆ ಬಂತು. ನಾನು ಪಟ್ಟಿ ಹಿಡಿದುಕೊಂಡು ಹಾಗೇ ನಿಂತೆ. ಅವಳು ಬೆನ್ನು ತಿರುಗಿಸಿ ಕೂತಿದ್ದಳು.

"ಬೇಸ್‌ಮೆಂಟಿನ ವಾಸನೆ ಅಲ್ವಾ?" ಅಂದಳು.

ಪಟ್ಟಿ ಅಂಟಿಸಿ, ಅಂಗೈಯಿಂದ ಒತ್ತಿ, ಕಿಟಕಿ ತೆರೆದೆ.

ಬ್ರ್ಯಾಂಪ್ಟನ್ನಿನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಕೆಲವು ವರ್ಷಗಳ ಹಿಂದೆ ಒಬ್ಬ ಜಪಾನಿ ಫುಟ್‌ಬಾಲ್ ಆಟಗಾರ ಬಾಡಿಗೆಗೆ ಇದ್ದ. ಎರಡು ಬೇಸಿಗೆ, ಎರಡು ಚಳಿಗಾಲ. ಆ ದಿನಗಳಲ್ಲಿ ಮೆಟ್ಟಿಲ ಬಾಗಿಲು ತೆರೆದರೆ ಈ ಪಟ್ಟಿಗಳ ವಾಸನೆಯೇ ಮೇಲೆ ಬರುತ್ತಿತ್ತು. ಮೊಣಕಾಲಿಗೆ, ಸೊಂಟಕ್ಕೆ, ಹಿಮ್ಮಡಿಯ ಮೇಲಿನ ನರಕ್ಕೆ ಅಂಟಿಸಿಕೊಳ್ಳುತ್ತಿದ್ದ. ಬೆಳಿಗ್ಗೆ ಸುಲಿದದ್ದನ್ನು ಮಡಚಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದ. ನಮ್ಮ ಮಗ ಹಾಗೆ ಒಂದು ದಿನವೂ ಮಾಡಿದವನಲ್ಲ ಎಂದು ಹೆಂಡತಿ ಆಗಾಗ ಹೇಳುತ್ತಿದ್ದಳು.

ನಾನು ಕಳೆದ ವರ್ಷದವರೆಗೆ ಈ ಊರಿನ ಬಸ್ಸು ಓಡಿಸಿದವನು. ನಾವು ಕಾಪು ಕಡೆಯವರು. ಮನೆಯಲ್ಲಿ ಆಡುವುದು ತುಳು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವನ ಜೊತೆ ಮಾತೆಲ್ಲ ಮುರುಕು ಇಂಗ್ಲಿಷಿನಲ್ಲಿ. ಅವನದೂ ಮುರುಕು, ನನ್ನದೂ ಅಷ್ಟೇನೂ ನೆಟ್ಟಗಿರಲಿಲ್ಲ, ಆದ್ದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು.

ಮನೆ ನೋಡಲು ಬಂದ ದಿನ ಅವನು ಕೋಣೆಯನ್ನು ನೋಡುವ ಮೊದಲು ಒಲೆಯ ಕಡೆ ನೋಡಿದ. "ಬಾಂಗ್ಡಾ?" ಎಂದು ಕೇಳಿದ. ಪಾತ್ರೆಯಲ್ಲಿ ಕುದಿಯುತ್ತಿದ್ದದ್ದು ಬಂಗುಡೆ ಮೀನಿನ ಪುಳಿಮುಂಚಿಯೇ, ನಮ್ಮ ಕಡೆಯ ಹುಳಿ-ಖಾರದ ಸಾರು. ಅವನು ಗೋವಾದ ಕ್ಲಬ್ಬೊಂದಕ್ಕೆ ಒಂದು ಸೀಸನ್ ಆಡಿದ್ದನಂತೆ. ಅಲ್ಲಿ ಕಲಿತದ್ದು ಕೈಯಲ್ಲಿ ಉಣ್ಣುವುದು, ಮೀನಿನ ಹೆಸರುಗಳು, ಮತ್ತೆ ಚಲೋ, ಪಾನಿ, ಜಲ್ದಿ ಎಂಬ ಮಾತುಗಳು. ಹೆಂಡತಿ ಬಡಿಸಿದಳು. ಗೋವಾದ್ದರಲ್ಲಿ ತೆಂಗಿನಕಾಯಿ ಹೆಚ್ಚು, ಇದರಲ್ಲಿ ಹುಳಿ ಹೆಚ್ಚು ಎಂದು ಅವನು ಬಹಳ ಗಂಭೀರವಾಗಿ ವರದಿ ಕೊಟ್ಟ. ಅಲ್ಲಿಗೆ ಬಾಡಿಗೆಯ ಮಾತು ಮುಗಿಯಿತು. ನನ್ನನ್ನು ಏನೆಂದು ಕರೆಯಬೇಕು ಎಂದು ಕೇಳಿದಾಗ ಅವಳೇ "ಅಣ್ಣ" ಎಂದು ಹೇಳಿಕೊಟ್ಟಳು. ಅವನು ಅದಕ್ಕೆ ತನ್ನ ಭಾಷೆಯ ಗೌರವದ ಮಾತನ್ನೂ ಸೇರಿಸಿ "ಅಣ್ಣ-ಸಾನ್" ಮಾಡಿಕೊಂಡ; ಅವಳು ಅವನಿಗೆ ಅಕ್ಕ ಆದಳು.

ಅವನ ಆಟದ ಬದುಕು ನನಗೆ ತಿಳಿದದ್ದು ತುಂಡುತುಂಡಾಗಿ, ಊಟದ ಹೊತ್ತಿನಲ್ಲಿ. ಜಪಾನಿನ ಎರಡನೇ ದರ್ಜೆಯ ಲೀಗಿನಲ್ಲಿ ಶುರು. ಕೆಲವು ವರ್ಷ ಅಲ್ಲೇ. ಆಮೇಲೆ ಥಾಯ್ಲೆಂಡ್, ಗೋವಾ, ಮತ್ತೆ ಥಾಯ್ಲೆಂಡ್, ಆಮೇಲೆ ಪೂರ್ವ ಯುರೋಪಿನ ಒಂದು ಚಳಿ ಊರು… ಅದರ ಹೆಸರನ್ನು ನಾನು ಎಷ್ಟು ಸಲ ಕೇಳಿದರೂ ಮರೆಯುತ್ತಿದ್ದೆ. ಕೊನೆಗೆ ಇಲ್ಲಿ, ಜಾರ್ಜ್‌ಟೌನ್ ಕಡೆಗೆ ಹೋಗುವ ದಾರಿಯಲ್ಲಿ ಹೊಲಗಳ ನಡುವೆ ಮೈದಾನವಿದ್ದ ಒಂದು ಸಣ್ಣ ಕ್ಲಬ್ಬು. ಅವನು ಮಿಡ್‌ಫೀಲ್ಡರ್. ಗೋಲು ಹೊಡೆಯುವವನೂ ಅಲ್ಲ, ತಡೆಯುವವನೂ ಅಲ್ಲ. ಚೆಂಡು ಅವನ ಬಳಿ ಬಂದು, ನಿಲ್ಲದೆ, ಮುಂದಕ್ಕೆ ಹೋಗುತ್ತಿತ್ತು. "ನಿನ್ನದು ನನ್ನ ಹಾಗೆಯೇ," ಎಂದು ಒಮ್ಮೆ ಹೇಳಿದ್ದೆ. "ಜನ ಹತ್ತುತ್ತಾರೆ, ಇಳಿಯುತ್ತಾರೆ, ಡ್ರೈವರಿನ ಮುಖ ಯಾರಿಗೂ ನೆನಪಿರುವುದಿಲ್ಲ." ಅವನು ತುಂಬ ನಕ್ಕಿದ್ದ.

ಯಾವ ಕ್ಲಬ್ಬಿನಲ್ಲೂ ತನ್ನ ಕೊನೆಯ ಪಂದ್ಯ ಯಾವುದೆಂದು ಅವನಿಗೆ ಮೊದಲೇ ತಿಳಿದಿರಲಿಲ್ಲ. ಆಡಿ ಮುಗಿಸಿ, ಮನೆಗೆ ಬಂದು, ಬಟ್ಟೆ ಒಣಹಾಕಿದ ಮೇಲೆ ಏಜೆಂಟನ ಫೋನು ಬರುತ್ತಿತ್ತಂತೆ. ಒಂದು ಊರಿನಲ್ಲಂತೂ ಕ್ಲಬ್ಬೇ ಮುಚ್ಚಿದ್ದು ಅವನಿಗೆ ಗೊತ್ತಾದದ್ದು ಬೀಗ ಹಾಕಿದ ಗೇಟಿನ ಮುಂದೆ ನಿಂತಾಗ. ಒಂದೇ ಒಂದು ಸಲ, ಇದು ಕೊನೆಯದು ಎಂದು ತಿಳಿದು ಆಡಬೇಕು ಎನ್ನುತ್ತಿದ್ದ. ದೊಡ್ಡ ಆಸೆಯ ಹಾಗೆ ಹೇಳುತ್ತಿರಲಿಲ್ಲ. ಸ್ನಾನಕ್ಕೆ ಬಿಸಿನೀರು ಇದ್ದರೆ ಒಳ್ಳೆಯದಿತ್ತು ಎನ್ನುವ ಹಾಗೆ ಹೇಳುತ್ತಿದ್ದ.

ಶನಿವಾರ ಶಿಫ್ಟು ಇಲ್ಲದಿದ್ದರೆ ಪಂದ್ಯ ನೋಡಲು ಹೋಗುತ್ತಿದ್ದೆ. ತಗಡಿನ ಬೆಂಚುಗಳು. ಆಟಗಾರರ ಹೆಂಡಂದಿರು, ಮಕ್ಕಳು, ನಾಯಿ ಕರೆದುಕೊಂಡು ಬಂದ ಒಂದಿಬ್ಬರು ಮುದುಕರು. ನಾನು ಚೆಂಡನ್ನು ನೋಡುತ್ತಿರಲಿಲ್ಲ, ಅವನ ತಲೆಯನ್ನು ನೋಡುತ್ತಿದ್ದೆ. ಚೆಂಡು ತನ್ನ ಬಳಿ ಬರುವ ಮುಂಚೆಯೇ ಅವನು ಹಿಂದೆ ತಿರುಗಿ ನೋಡಿರುತ್ತಿದ್ದ. ಬಲಕ್ಕೆ ಸಣ್ಣ ನೋಟ. ಎಡಕ್ಕೆ ಕುತ್ತಿಗೆ, ಭುಜ, ಕೆಲವೊಮ್ಮೆ ಸೊಂಟವೂ ತಿರುಗುತ್ತಿತ್ತು. ಬಸ್ಸು ಕಲಿಯುವವರಿಗೆ ನಾವು ಹೇಳಿಕೊಡುವುದೂ ಇದನ್ನೇ: ಕನ್ನಡಿಯನ್ನು ನಂಬಿ ಕೂರಬೇಡ, ಭುಜದ ಮೇಲಿಂದ ತಿರುಗಿ ನೋಡು. ಬಿಳಿ ಗಡ್ಡದ ಕೋಚ್ ಉಳಿದ ಆಟಗಾರರಿಗೆ ಅವನನ್ನೇ ತೋರಿಸುತ್ತಿದ್ದ. ನೋಡಿ, ಮೂವತ್ತು ದಾಟಿದವನು ಎಷ್ಟು ಸಲ ತಿರುಗುತ್ತಾನೆ, ನಿಮ್ಮ ಕುತ್ತಿಗೆಗೆ ಏನಾಗಿದೆ ಎಂದು. ಎಡಕ್ಕೆ ಅವನು ಹೆಚ್ಚು ತಿರುಗುವುದನ್ನು ನಾನೂ ಗಮನಿಸಿದ್ದೆ. ಅಭ್ಯಾಸಬಲ ಅಂದುಕೊಂಡಿದ್ದೆ. ಕೆಲವು ಡ್ರೈವರುಗಳಿಗೂ ಒಂದು ಬದಿಯ ಭಯ ಹೆಚ್ಚಿರುತ್ತದೆ.

ಅವನ ಎಡಬದಿಯಲ್ಲಿ ಆಡುತ್ತಿದ್ದವನು ಒಬ್ಬ ಪಂಜಾಬಿ, ಆ ಬದಿಯನ್ನು ಕಾಯುವ ಲೆಫ್ಟ್ ಬ್ಯಾಕ್. ಹಗಲು ಟ್ರಕ್ಕು ಓಡಿಸುತ್ತಿದ್ದ, ಎರಡು ಮಕ್ಕಳ ತಂದೆ. ಮೈದಾನಕ್ಕೆ ಸಂಜೆ ಬಸ್ಸಿರಲಿಲ್ಲವಾದ್ದರಿಂದ ಪ್ರಾಕ್ಟೀಸಿಗೆ ಇವನನ್ನು ತನ್ನ ಪಿಕಪ್ಪಿನಲ್ಲಿ ಕರೆದೊಯ್ಯುತ್ತಿದ್ದವನು ಅವನೇ. ನನ್ನನ್ನು ಕಂಡರೆ, "ಅಂಕಲ್‌ಜೀ, ನಿಮ್ಮ ಬಾಡಿಗೆದಾರನಿಗೆ ಸ್ವಲ್ಪ ಬೈಗುಳ ಕಲಿಸಿ. ಎದುರಿನವನು ಕಾಲು ತುಳಿದರೂ ಇವನೇ ಸಾರಿ ಅಂತಾನೆ," ಎನ್ನುತ್ತಿದ್ದ.

ಅದು ನಿಜ. ಅವನು ಎಲ್ಲದಕ್ಕೂ ಸಾರಿ ಹೇಳುತ್ತಿದ್ದ. ಈ ದೇಶದಲ್ಲೂ ಎಲ್ಲರೂ ಎಲ್ಲದಕ್ಕೂ ಸಾರಿ ಹೇಳುತ್ತಾರೆ. ಬಸ್ಸಿನಲ್ಲಿ ನಾನು ಜೋರಾಗಿ ಬ್ರೇಕು ಹಾಕಿದರೆ, ಮುಗ್ಗರಿಸಿದ ಪ್ರಯಾಣಿಕರೇ ನನಗೆ ಸಾರಿ ಎಂದದ್ದಿದೆ. ಸಾರಿ ಹೇಳುವ ದೇಶದಿಂದ ಸಾರಿ ಹೇಳುವ ದೇಶಕ್ಕೇ ಬಂದಿದ್ದಾನೆ ಎಂದು ತಂಡದವರು ತಮಾಷೆ ಮಾಡುತ್ತಿದ್ದರು.

ಎರಡನೇ ಬೇಸಿಗೆಯ ಕೊನೆಯ ಹೊತ್ತಿಗೆ ಒಂದು ಪಂದ್ಯದಲ್ಲಿ ಅವರಿಬ್ಬರೂ ಡಿಕ್ಕಿ ಹೊಡೆದರು. ನಾನು ಅಲ್ಲಿದ್ದೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಲೆಫ್ಟ್ ಬ್ಯಾಕ್ ಎಡಗಡೆಯಿಂದ ಓಡಿ ಬರುತ್ತಿದ್ದ. ಇವನು ಬಲಗಡೆಯಿಂದ ಬಂದ ಚೆಂಡನ್ನು ಕಾಲಿನಿಂದ ತಡೆದು, ತಟ್ಟನೆ ಎಡಕ್ಕೆ ತಿರುಗಿದ. ಇವನ ಮೊಣಕೈ ಅವನ ಕೆನ್ನೆಗೆ ಬಡಿಯಿತು. ಅವನು ಬಿದ್ದ, ಚೆಂಡು ಎದುರಾಳಿಗಳ ಪಾಲಾಯಿತು, ಗೋಲು ಆಯಿತು. ಕೂಗಲಿಲ್ಲ ಯಾಕೆ ಎಂದು ಕೋಚ್ ಲೆಫ್ಟ್ ಬ್ಯಾಕನ್ನು ಎಲ್ಲರೆದುರು ಬೈದ. ಬದಿಯಿಂದ ಬರುವವನು ಕೂಗಿ ತಿಳಿಸಬೇಕಾದದ್ದು ಆಟದ ನಿಯಮವಲ್ಲ, ರೂಢಿ. ಕೂಗಿದೆ ಎಂದು ಅವನು ಕೆನ್ನೆ ಹಿಡಿದುಕೊಂಡೇ ಹೇಳಿದ. ಗಾಳಿ ಇತ್ತು, ನನಗೂ ಕೇಳಿಸಿರಲಿಲ್ಲ. ಅಷ್ಟರಲ್ಲಿ ಇವನು ನಡುವೆ ಬಂದು ಬಾಗಿ, ಅವನು ಕೂಗಿದ್ದ, ನನಗೆ ಕಾಣಲಿಲ್ಲ, ತಪ್ಪು ನನ್ನದು, ಸಾರಿ ಎಂದ. ಮತ್ತೆ ನಿನ್ನ ಸಾರಿಯಾ ಎಂದು ಕೋಚ್ ಇವನ ಬೆನ್ನು ತಟ್ಟಿ ನಕ್ಕ. ಉಳಿದವರೂ ನಕ್ಕರು.

ಮುಂದಿನ ಪಂದ್ಯದಿಂದ ಲೆಫ್ಟ್ ಬ್ಯಾಕ್ ಬೆಂಚಿನ ಮೇಲೆ ಕೂತ. ಆಮೇಲಿನದರಲ್ಲೂ ಅಷ್ಟೇ. ಬಾಯಿ ಬಿಡದವನನ್ನು ಆಡಿಸುವುದಿಲ್ಲ, ಬರುವ ವರ್ಷ ಅವನ ಜಾಗಕ್ಕೆ ಬೇರೆಯವನನ್ನು ನೋಡುತ್ತೇನೆ ಎಂದು ಕೋಚ್ ಹೇಳಿದ್ದು ಬೆಂಚುಗಳಲ್ಲಿ ಕೂತ ನಮ್ಮ ಕಿವಿಗೂ ಬಿತ್ತು. ಇವನಿಗೆ ಮಾತ್ರ ಇನ್ನೊಂದು ವರ್ಷದ ಒಪ್ಪಂದ ಕೊಡುವುದೆಂದು ತೀರ್ಮಾನವಾಗಿತ್ತು. ಆಟದ ಜೊತೆಗೆ ಸ್ವಲ್ಪ ಕಲಿಸುವ ಕೆಲಸವೂ. ಆ ವರ್ಷ ಮುಗಿಸಿ ನಿಲ್ಲಿಸುತ್ತೇನೆ, ಕೊನೆಯ ಪಂದ್ಯಕ್ಕೆ ನೀವಿಬ್ಬರೂ ಬರಬೇಕು ಎಂದು ಅವನು ಹೇಳಿದಾಗ ಹೆಂಡತಿ ಪಾಯಸ ಮಾಡಿದ್ದಳು.

ಲೆಫ್ಟ್ ಬ್ಯಾಕಿನ ಪಿಕಪ್ಪು ಆಮೇಲೂ ನಮ್ಮ ಡ್ರೈವ್‌ವೇಗೆ ಬಂದು ಹಾರ್ನ್ ಮಾಡುತ್ತಿತ್ತು. ಇವನು ಮೆಟ್ಟಿಲ ಬಳಿ ಶೂ ಕಟ್ಟಿಕೊಳ್ಳುತ್ತಾ ತಡಮಾಡುತ್ತಿದ್ದ. ಒಂದು ದಿನ, ಅಣ್ಣ-ಸಾನ್, ನನಗೆ ಕಾರು ಕಲಿಸಿ, ಇನ್ನು ನಾನೇ ಹೋಗಿಬರುತ್ತೇನೆ ಎಂದು ಕೇಳಿದ. ಬರೆಯುವ ಪರೀಕ್ಷೆ, ಕಣ್ಣಿನ ಪರೀಕ್ಷೆ ಎಲ್ಲ ಮುಗಿಸಿ ಕಲಿಯುವವರ ಲೈಸೆನ್ಸು ತಂದಿದ್ದ. ಬೇಡ ಎನ್ನಲು ನನಗೆ ಕಾರಣ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ದಿನಸಿ ಅಂಗಡಿಯ ಪಾರ್ಕಿಂಗಿನಲ್ಲಿ ಅವನ ಕೈಗೆ ಸ್ಟಿಯರಿಂಗ್ ಕೊಟ್ಟೆ. ಹೆಂಡತಿ ಸಾಮಾನು ತರಲು ಒಳಗೆ ಹೋದಳು. ಅವನು ಚೆನ್ನಾಗಿಯೇ ಓಡಿಸಿದ, ನಿಧಾನವಾಗಿ, ತಿರುಗಿ ತಿರುಗಿ ನೋಡುತ್ತಾ. ಆಮೇಲೆ ಬಲಕ್ಕೆ ತಿರುಗಿಸು ಎಂದೆ. ಅವನು ಬಲಕ್ಕೆ ನೋಡುತ್ತಾ ಕಾರನ್ನು ಮುಂದಕ್ಕೆ ಬಿಟ್ಟ. ಅಷ್ಟರಲ್ಲಿ ಎಡಗಡೆಯಿಂದ ಹೆಂಡತಿ ಅಂಗಡಿಯ ಸಾಮಾನಿನ ಗಾಡಿ ತಳ್ಳಿಕೊಂಡು, ನಮ್ಮನ್ನು ಕಂಡು ಕೈ ಎತ್ತಿ, ನೇರ ಕಾರಿನ ಮುಂದಕ್ಕೇ ಬಂದಳು. ಅವನು ನಿಲ್ಲಿಸುತ್ತಾನೆ ಎಂದುಕೊಂಡಳು. ನಾನೂ ಹಾಗೇ ಅಂದುಕೊಂಡೆ. ಅವನ ಮುಖ ನೋಡಿದೆ. ಆ ಮುಖದಲ್ಲಿ ಏನೂ ಇರಲಿಲ್ಲ… ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಎಂಬ ಸುಳಿವೇ ಇರಲಿಲ್ಲ.

ನಾನು ಹ್ಯಾಂಡ್‌ಬ್ರೇಕು ಎಳೆದೆ. ಕಾರು ಗಾಡಿಗೆ ತಾಗಿತು, ಅವಳಿಗೆ ತಾಗಲಿಲ್ಲ. ಈರುಳ್ಳಿ ಚೀಲ ಹರಿದು ಉರುಳಿತು. ಅವನು ಕೆಳಗಿಳಿದು, ನೆಲದ ಮೇಲೆ ಮೊಣಕಾಲೂರಿ ಈರುಳ್ಳಿ ಹೆಕ್ಕುತ್ತಿದ್ದ. ಹೆಂಡತಿ, "ಎಂತ ಮಾರಾಯ, ನಾನೆಂತ ಇರುವೆಯಾ? ಇಷ್ಟು ದಪ್ಪ ಇದ್ದೇನೆ, ಕಾಣುವುದಿಲ್ಲವಾ ನಿನಗೆ?" ಎಂದು ತುಳುವಿನಲ್ಲೇ ಬೈದಳು. ನಗಿಸಲಿಕ್ಕೆ ಹೇಳಿದ್ದು. ಅವನಿಗೆ ತುಳು ಬರುತ್ತಿರಲಿಲ್ಲ. ಆದರೂ ತಲೆ ಎತ್ತದೆ, ಇಲ್ಲ, ಕಾಣುವುದಿಲ್ಲ ಎಂದ.

ಮನೆಗೆ ಬಂದು ಅಡಿಗೆಮನೆಯ ಮೇಜಿನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಎರಡನೇ ಸಲ ಥಾಯ್ಲೆಂಡಿನಲ್ಲಿದ್ದಾಗ ಚೆಂಡು ಎಡಗಣ್ಣಿಗೆ ಬಡಿದು ಒಳಗಿನ ಪರದೆ ಹರಿದಿತ್ತು. ಶಸ್ತ್ರಚಿಕಿತ್ಸೆ ತಡವಾಯಿತು. ಈಗ ಆ ಕಣ್ಣಿಗೆ ಬೆಳಕು ಕಾಣುತ್ತದೆ, ವಸ್ತು ಕಾಣುವುದಿಲ್ಲ. ಲೈಸೆನ್ಸಿನ ಕಣ್ಣಿನ ಪರೀಕ್ಷೆಯಲ್ಲಿ ಎರಡೂ ಕಣ್ಣು ತೆರೆದು ಓದಿಸಿದ್ದರು. ಬಲಗಣ್ಣು ಎಲ್ಲವನ್ನೂ ಓದಿತ್ತು. ಒಕ್ಕಣ್ಣಿನವರು ಕಾರು ಓಡಿಸುತ್ತಾರೆ, ಆಟವನ್ನೂ ಆಡುತ್ತಾರೆ. ಆದರೆ ಇವನ ಬಲಗಣ್ಣಿನ ಪರದೆಯೂ ತೆಳ್ಳಗಿದೆ, ಇನ್ನೊಂದು ಪೆಟ್ಟು ಬಿದ್ದರೆ ಅದೂ ಹೋಗಬಹುದು, ಫುಟ್‌ಬಾಲು ಬಿಡು ಎಂದು ಡಾಕ್ಟರು ಹೇಳಿದ್ದರಂತೆ. ಅದರ ನಂತರವೇ ಅವನು ಎರಡು ದೇಶಗಳಲ್ಲಿ ಆಡಿದ್ದು. ನಾವೆಲ್ಲ ಶಿಸ್ತು ಎಂದು ಹೊಗಳಿದ ಆ ತಿರುಗುವಿಕೆ ಇಲ್ಲದ ಕಣ್ಣಿನ ಕೆಲಸವನ್ನು ಕುತ್ತಿಗೆಯಿಂದ ಮಾಡಿಸುವ ಉಪಾಯವಾಗಿತ್ತು.

ಲೆಫ್ಟ್ ಬ್ಯಾಕಿನ ಮಾತು ನಾನೇ ಎತ್ತಿದೆ. ತಪ್ಪು ನನ್ನದು ಎಂದು ಆವತ್ತೇ ಹೇಳಿದ್ದೆಯಲ್ಲ, ಅವರು ಕೇಳಲಿಲ್ಲ ಅಷ್ಟೆ ಎಂದೆ. ಸಮಾಧಾನಕ್ಕೆ ಹೇಳಿದ ಮಾತು. ಅವನು ಅಲ್ಲ ಎಂಬಂತೆ ತಲೆಯಾಡಿಸಿದ.

"ಅವರು ನಂಬುವುದಿಲ್ಲ ಎಂದು ಗೊತ್ತಿತ್ತು, ಅಣ್ಣ-ಸಾನ್. ಅದಕ್ಕೇ ಹೇಳಿದೆ."

ಒಲೆಯ ಬಳಿ ನಿಂತಿದ್ದ ಹೆಂಡತಿ ಬೆಂಕಿ ಆರಿಸಿದಳು. ಅವನು ಮುಂದುವರಿಸಿ, ಈಗ ನಿಜ ಹೇಳಿದರೆ ಬರುವ ವರ್ಷ ಇಲ್ಲ, ಈ ಸೀಸನ್ನಿನ ಉಳಿದ ಒಂದು ಪಂದ್ಯವೂ ಇಲ್ಲ ಎಂದ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಉಪದೇಶ ಮಾಡುವ ಶಕ್ತಿ ನನ್ನಲ್ಲಿ ಇರಲಿಲ್ಲ.

"ನನ್ನ ಬಸ್ಸಿನಲ್ಲಿ ನಲವತ್ತು ಜನ ಇರುತ್ತಾರೆ," ಎಂದೆ. "ನಿನ್ನ ಎಡಗಡೆ ಒಬ್ಬನೇ ಇದ್ದಾನೆ. ಆದರೆ ಅವನೂ ಒಂದು ಮನೆಯಿಂದಲೇ ಬಂದಿರುತ್ತಾನೆ."

ಅವನು ತಲೆ ಬಾಗಿಸಿ ಕೆಳಗೆ ಹೋದ. ಆವತ್ತು ಊಟಕ್ಕೆ ಮೇಲೆ ಬರಲಿಲ್ಲ. ಹೆಂಡತಿ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬಂದಳು. ನೀವು ಸ್ವಲ್ಪ ಮೆತ್ತಗೆ ಹೇಳಬಹುದಿತ್ತು ಎಂದಳು ನನಗೆ. ಸ್ವಲ್ಪ ಹೊತ್ತು ಬಿಟ್ಟು, ಆದರೆ ಹೇಳಲೇಬೇಕಿತ್ತು ಎಂದೂ ಅಂದಳು.

ಮುಂದಿನ ಪ್ರಾಕ್ಟೀಸಿಗೆ ನನ್ನನ್ನೂ ಬರಲು ಕೇಳಿದ. ನಾನೇ ಕಾರು ಓಡಿಸಿದೆ. ಮೈದಾನದಲ್ಲಿ ಅವನು ಬೂಟು ಹಾಕಿಕೊಳ್ಳಲಿಲ್ಲ. ನೇರ ಕೋಚ್ ಬಳಿ ಹೋಗಿ ಹೇಳಿದ. ಕೋಚ್ ಮೊದಲು ನಕ್ಕ. ಲೆಫ್ಟ್ ಬ್ಯಾಕನ್ನು ಉಳಿಸಲು ಇಷ್ಟು ದೊಡ್ಡ ಕತೆ ಕಟ್ಟಬೇಡ ಮಾರಾಯ ಎನ್ನುವ ಅರ್ಥದ ಮಾತು ಏನೋ ಹೇಳಿದ. ಆಟಗಾರರು ಸುತ್ತ ಸೇರಿದರು. ಇವನು ಕೆಲವು ಹೆಜ್ಜೆ ಹಿಂದೆ ಹೋಗಿ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಚೆಂಡು ಎಸೆಯುವಂತೆ ಸನ್ನೆ ಮಾಡಿದ.

ಕೋಚ್ ಚೆಂಡನ್ನು ಎತ್ತಿ ಮೆಲ್ಲಗೆ ಎಸೆದ. ಹಸುಗೂಸಿಗೆ ಎಸೆಯುವ ಹಾಗೆ. ಇಷ್ಟು ದೇಶಗಳಲ್ಲಿ, ಇಷ್ಟು ವರ್ಷ, ತನ್ನ ಕಡೆ ಬಂದ ಪ್ರತಿ ಚೆಂಡನ್ನೂ ಬರುವ ಮೊದಲೇ ಬಲ್ಲವನಾಗಿದ್ದ ಮನುಷ್ಯ ಕದಲಲಿಲ್ಲ. ರೆಪ್ಪೆಯೂ ಅಲುಗಲಿಲ್ಲ. ಚೆಂಡು ಎದೆಗೆ ತಾಗಿದ ಮೇಲೆ ಅವನ ಮೈ ಬೆಚ್ಚಿತು. ಅದು ನೆಲಕ್ಕೆ ಬಿದ್ದು ಸ್ವಲ್ಪ ದೂರ ಉರುಳಿ ನಿಂತಿತು.

ಕೋಚ್ ತನ್ನ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಲೆಫ್ಟ್ ಬ್ಯಾಕ್ ಮುಂದೆ ಬಂದು ಚೆಂಡನ್ನು ಎತ್ತಿಕೊಂಡ. ಅವನ ಕೆನ್ನೆಯ ಮೇಲೆ ಆ ಏಟಿನ ಹಳದಿ ಕಲೆ ಇನ್ನೂ ಇತ್ತು. ಅವನು ಹೊಡೆಯಬಹುದು ಎಂದು ನನಗೆ ಒಂದು ಕ್ಷಣ ಅನ್ನಿಸಿತು.

"ಭಾಯ್, ನಾನು ಕೂಗಿದ್ದೆ," ಎಂದ ಮೆಲ್ಲಗೆ.

"ಕೂಗಿದ್ದೆ. ನೀನು ಪ್ರತಿ ಸಲವೂ ಕೂಗುತ್ತಿದ್ದೆ," ಎಂದ ಇವನು.

"ಮನೆಯಲ್ಲಿ ಹೆಂಡತಿ ಕೂಡ ಕೇಳಿದಳು, ನಿನಗೆ ಬಾಯಿ ಇಲ್ಲವಾ ಅಂತ."

ಇವನು ಈ ಸಲ ಸಾರಿ ಎನ್ನಲಿಲ್ಲ. ಅದನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆ. ಲೆಫ್ಟ್ ಬ್ಯಾಕ್ ಅವನ ಎಡಗಡೆ ನಿಂತಿದ್ದವನು ಸುತ್ತಿ ಬಂದು ಬಲಗಡೆ ನಿಂತ, ತಾನು ಕಾಣುವ ಜಾಗದಲ್ಲಿ. ಅಷ್ಟೇ. ಅಪ್ಪಿಕೊಳ್ಳುವುದು ಗಿಪ್ಪಿಕೊಳ್ಳುವುದು ಏನೂ ಆಗಲಿಲ್ಲ. ಆಮೇಲೆ ಕೋಚ್ ಸೀಟಿ ಊದಿದ, ಎಲ್ಲರೂ ಓಡಲು ಹೋದರು. ನಾವಿಬ್ಬರು ಕಾರಿನ ಕಡೆ ನಡೆದೆವು.

ಸೀಸನ್ನಿನ ಕೊನೆಯ ಪಂದ್ಯವನ್ನು ಅವನು ನನ್ನ ಪಕ್ಕ ತಗಡಿನ ಬೆಂಚಿನಲ್ಲಿ ಕೂತು ನೋಡಿದ. ಲೆಫ್ಟ್ ಬ್ಯಾಕ್ ಆಡಿದ, ಗಂಟಲು ಹರಿಯುವ ಹಾಗೆ ಕೂಗಿದ. ಆ ದಿನ ಗಾಳಿ ಇರಲಿಲ್ಲ, ಆಚೆ ರಸ್ತೆಗೂ ಕೇಳಿಸಿರಬೇಕು. ತಂಡ ಸೋತಿತು. ಇಲ್ಲಿಂದ ನೋಡಿದರೆ ಮೈದಾನ ದೊಡ್ಡದಾಗಿ ಕಾಣುತ್ತದೆ ಎಂದು ಅವನು ಒಂದು ಸಲ ಹೇಳಿದ. ಅವನು ಆಡಿದ ಕೊನೆಯ ಪಂದ್ಯ ಅದಕ್ಕಿಂತ ಹಿಂದಿನದಾಗಿತ್ತು. ಮಳೆಯಲ್ಲಿ, ಬೇರೆ ಊರಿನಲ್ಲಿ, ಯಾರೂ ಕೊನೆಯದೆಂದು ತಿಳಿಯದೆ ಆಡಿ ಮುಗಿಸಿದ್ದು. ಆ ದಿನವೂ ಮನೆಗೆ ಬಂದು ಬಟ್ಟೆ ಒಣಹಾಕಿದ್ದ.

ಚಳಿಗಾಲ ಮುಗಿಯುತ್ತಲೇ ಊರಿಗೆ ಹೊರಟ. ವಿಮಾನ ನಿಲ್ದಾಣಕ್ಕೆ ನಾನೂ ಲೆಫ್ಟ್ ಬ್ಯಾಕೂ ಹೋಗಿದ್ದೆವು. ದಾರಿಯಲ್ಲಿ ಇಬ್ಬರೂ ಸೇರಿ ಅವನಿಗೆ ಒಂದು ಪಂಜಾಬಿ ಬೈಗುಳ, ಒಂದು ತುಳು ಬೈಗುಳ ಕಲಿಸಿದೆವು. ಅವನು ಎರಡನ್ನೂ ಬಹಳ ಮರ್ಯಾದೆಯಿಂದ ಉಚ್ಚರಿಸಿದ.

ಮೊದಲೆರಡು ವರ್ಷ ಹೊಸವರ್ಷಕ್ಕೆ ಫೋನಿಗೆ ಸಂದೇಶ ಬರುತ್ತಿತ್ತು. ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದೇನೆ, ಅಕ್ಕನ ಮೀನು ಸಾರು ನೆನಪಾಗುತ್ತದೆ, ನಿಮ್ಮ ಬಸ್ಸು ಹೇಗಿದೆ… ಇಂಥವು. ಒಂದೊಂದು ಅಕ್ಷರವನ್ನೂ ತಪ್ಪಿಲ್ಲದೆ ಬರೆದಿರುತ್ತಿದ್ದ. ಅದರ ಮುಂದಿನ ವರ್ಷ ಬರಹ ಬರಲಿಲ್ಲ, ದನಿ ಬಂತು. ಫೋನಿಗೆ ಮಾತಾಡಿ ಕಳಿಸಿದ್ದ. ಹಿನ್ನೆಲೆಯಲ್ಲಿ ಮಕ್ಕಳ ಗಲಾಟೆ ಇರಲಿಲ್ಲ. ಆಮೇಲೆ ಬಂದದ್ದೆಲ್ಲ ದನಿಯೇ. ನಾನು ಕಳಿಸಿದ ಒಂದು ಫೋಟೋಕ್ಕೆ, ಯಾರ ಫೋಟೋ ಅಣ್ಣ-ಸಾನ್, ಸ್ವಲ್ಪ ಹೇಳಿ ಎಂದು ಕೇಳಿದ್ದ. ಅದು ನನ್ನದೂ ಹೆಂಡತಿಯದೂ. ಯಾಕೆ ಬರೆಯುವುದಿಲ್ಲ ಎಂದು ಅವನು ಹೇಳಿಲ್ಲ. ನಾವು ಕೇಳಲಿಲ್ಲ.

ಈ ವರ್ಷ ದನಿಯೂ ಬಂದಿಲ್ಲ.

ಲೆಫ್ಟ್ ಬ್ಯಾಕ್ ಒಮ್ಮೊಮ್ಮೆ ಪ್ಲಾಜಾದಲ್ಲಿ ಸಿಗುತ್ತಾನೆ. ಆಟ ಬಿಟ್ಟಿದ್ದಾನೆ, ಹೊಟ್ಟೆ ಬಂದಿದೆ. ಏನಾದರೂ ಸುದ್ದಿಯಾ ಅಂಕಲ್‌ಜೀ ಎಂದು ಕೇಳುತ್ತಾನೆ. ನಾನು ಇಲ್ಲವೆಂದು ತಲೆಯಾಡಿಸುತ್ತೇನೆ. ಇಬ್ಬರೂ ಸ್ವಲ್ಪ ಹೊತ್ತು ನಿಂತು, ಹವೆಯ ಬಗ್ಗೆ ಮಾತಾಡಿ ಬೇರೆಯಾಗುತ್ತೇವೆ.

ನಾನೂ ಈಗ ಅವನಿಗೆ ಬರೆದು ಕಳಿಸುವುದಿಲ್ಲ, ಮಾತಾಡಿ ಕಳಿಸುತ್ತೇನೆ. ಇಂದು ಬೆಳಿಗ್ಗೆ ಒಂದು ಕಳಿಸಿದೆ. ಪೋರ್ಟ್ ಕ್ರೆಡಿಟ್ಟಿನಲ್ಲಿ ಸರೋವರದ ದಂಡೆಗೆ ಹೋಗಿದ್ದೆ, ನೀರು ಬೂದು ಬಣ್ಣಕ್ಕಿದೆ, ದೋಣಿಗಳಿಗೆ ಇನ್ನೂ ಹೊದಿಕೆ ಹೊದಿಸಿದ್ದಾರೆ, ಬಾತುಕೋಳಿಗಳು ದಾರಿ ಬಿಡುವುದಿಲ್ಲ ಎಂದೆಲ್ಲ ನಿಧಾನವಾಗಿ, ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಎಡಗಡೆ ಏನಿದೆ, ಬಲಗಡೆ ಏನಿದೆ ಎಂದೂ ಹೇಳಿದೆ. ಹೇಳಿ ಮುಗಿಸಿದ ಮೇಲೂ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.